ಬಿರುಗಾಳಿಯ ನಂತರದ ಕೆನೂ ಕಾಡು: ಬೌಂಡರಿ ವಾಟರ್ಸ್‌ಗೆ ಹೋಗುವವರಿಗೂ ಅಲ್ಲಿ ದಾರಿ ತೆರವು ಮಾಡುವವರಿಗೂ ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿನಿಸೋಟ ರಾಜ್ಯದ ಈಶಾನ್ಯ ತುದಿಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡು, ಸುಪೀರಿಯರ್ ರಾಷ್ಟ್ರೀಯ ಅರಣ್ಯದೊಳಗೆ ಸುಮಾರು 11 ಲಕ್ಷ ಎಕರೆಯ ಒಂದು ರಕ್ಷಿತ ಕಾಡಿದೆ. ಅದರ ಹೆಸರು ಬೌಂಡರಿ ವಾಟರ್ಸ್ ಕೆನೂ ಏರಿಯಾ ವಿಲ್ಡರ್‌ನೆಸ್. ಸಾವಿರಕ್ಕೂ ಹೆಚ್ಚು ಸರೋವರಗಳು, ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟುವ ಕಾಲುದಾರಿಗಳು, ದಡಗಳಲ್ಲಿ ಗುರುತು ಮಾಡಿಟ್ಟ ಸುಮಾರು 2,000 ಕ್ಯಾಂಪ್ ಜಾಗಗಳು, ಪ್ರತಿ ಜಾಗದಲ್ಲೂ ಒಂದು ಕಬ್ಬಿಣದ ಒಲೆ ಮತ್ತು ಕಾಡಿನೊಳಗೆ ಒಂದು ಬಯಲು ಶೌಚಪೀಠ. ಅಲ್ಲಿನ ವ್ಯವಸ್ಥೆ ಇಷ್ಟೇ. ದೋಣಿ ಹೊರುವ ಆ ದಾರಿಗೆ ಪೋರ್ಟೇಜ್ ಎನ್ನುತ್ತಾರೆ, ಅದರ ಉದ್ದವನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕೆನೂ ದೋಣಿಯ ಉದ್ದ.

1999ರ ಜುಲೈ 4ರ ಮಧ್ಯಾಹ್ನ ಈ ಕಾಡಿನ ಮೇಲೆ ಹಾದುಹೋದ ಗಾಳಿಯ ವೇಗ ಗಂಟೆಗೆ 130ರಿಂದ 160 ಕಿಲೋಮೀಟರ್ ಇತ್ತೆಂದು ಅಂದಾಜು. ಅದು ಸುಂಟರಗಾಳಿಯಲ್ಲ. ಗುಡುಗುಮೋಡಗಳ ಸಾಲೊಂದು ನೂರಾರು ಮೈಲಿ ದೂರ ಒಂದೇ ದಿಕ್ಕಿಗೆ ನುಗ್ಗುತ್ತ, ತನ್ನ ಮುಂದೆ ನೆಲಕ್ಕೆ ಅಪ್ಪಳಿಸುವ ಗಾಳಿಯನ್ನು ತಳ್ಳುತ್ತ ಸಾಗುವ ಬಗೆ ಅದು. ಇದಕ್ಕೆ ಡೆರೇಚೋ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ 'ನೇರ' ಎಂಬ ಅರ್ಥದ ಈ ಪದವನ್ನು 1888ರಲ್ಲಿ ಬಳಕೆಗೆ ತಂದವರು ಅಯೋವಾದ ವಿಜ್ಞಾನಿ ಗುಸ್ಟಾವಸ್ ಹಿನ್ರಿಕ್ಸ್. ಆ ದಿನ ರಕ್ಷಿತ ಕಾಡಿನ ಒಳಗೂ ಹೊರಗೂ ಸೇರಿ ಸುಪೀರಿಯರ್ ಅರಣ್ಯದ ಸುಮಾರು 4,77,000 ಎಕರೆ ಪ್ರದೇಶ ಹಾನಿಗೊಂಡಿತು, ಸುಮಾರು 60 ಮಂದಿ ಗಾಯಗೊಂಡರು. ಕೆನಡಿಯನ್ ಶೀಲ್ಡ್ ಎಂಬ ಪುರಾತನ ಬಂಡೆಯ ಮೇಲೆ ಅಲ್ಲಿ ಮಣ್ಣಿರುವುದು ಹಲವೆಡೆ ಗೇಣುದ್ದ ಮಾತ್ರ. ಬೇರುಗಳು ಕೆಳಕ್ಕಿಳಿಯಲು ಎಡೆಯಿಲ್ಲದೆ ತಟ್ಟೆಯಂತೆ ಹರಡಿಕೊಂಡಿರುತ್ತವೆ. ಹೀಗಾಗಿ ಪೈನ್, ಸ್ಪ್ರೂಸ್, ಫರ್, ಬರ್ಚ್ ಮರಗಳು ಕೆಲವೆಡೆ ನಡುವಿನಲ್ಲಿ ಮುರಿದವು, ಕೆಲವೆಡೆ ಬೇರಿನ ಚಾಪೆಯನ್ನೇ ಎತ್ತಿಕೊಂಡು ಬುಡಮೇಲಾದವು.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳುವ ಮಾತು ಒಂದೇ: ಗಾಳಿ ನಿಂತರೂ ಅದರ ಬಲ ಬಿದ್ದ ಮರಗಳೊಳಗೆ ಉಳಿದಿರುತ್ತದೆ. ಬಾಗಿದ ಸಸಿ, ಇನ್ನೊಂದರ ಮೇಲೆ ಒರಗಿ ನಿಂತ ಕಾಂಡ, ಬೇರು ಎದ್ದು ಅರ್ಧಕ್ಕೆ ವಾಲಿದ ಮರ, ಇವೆಲ್ಲವೂ ಬಿಗಿದ ಬಿಲ್ಲುಗಳೇ. ಅವು ಯಾವಾಗ, ಯಾರ ಮೇಲೆ ಬಿಚ್ಚಿಕೊಳ್ಳುತ್ತವೆ ಎಂಬುದು ಬಹುಮಟ್ಟಿಗೆ ನಮ್ಮ ನಡೆಯನ್ನೇ ಅವಲಂಬಿಸಿದೆ.

ಮೊದಲ ಹೆಜ್ಜೆ: ಹೊರಡುವ ಮುನ್ನ

ರಾತ್ರಿ ತಂಗುವ ಪ್ರವಾಸಕ್ಕೆ ವರ್ಷವಿಡೀ ಪರವಾನಗಿ ಬೇಕು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿ ಪ್ರವೇಶದ್ವಾರಕ್ಕೂ ದಿನಕ್ಕಿಷ್ಟು ತಂಡ ಎಂಬ ಮಿತಿಯಿದೆ. ಒಂದು ತಂಡದಲ್ಲಿ 9 ಜನ, 4 ದೋಣಿಗಿಂತ ಹೆಚ್ಚು ಇರುವಂತಿಲ್ಲ. ಇದನ್ನು ಕಾಟಾಚಾರದ ಕಾಗದವೆಂದು ತಿಳಿಯಬಾರದು. ಬಿರುಗಾಳಿಯ ಮರುದಿನ ಯಾವ ದ್ವಾರದಿಂದ ಎಷ್ಟು ಜನ ಒಳಗೆ ಹೋಗಿದ್ದಾರೆಂದು ಅರಣ್ಯ ಇಲಾಖೆ ಲೆಕ್ಕ ಹಾಕುವುದು ಆ ಪರವಾನಗಿಗಳಿಂದಲೇ. ಆದರೆ ಪರವಾನಗಿಯು ನೀವು ಒಳಹೊಕ್ಕ ದ್ವಾರವನ್ನು ಹೇಳುತ್ತದೆಯೇ ಹೊರತು ಮೂರನೆಯ ದಿನ ಯಾವ ಸರೋವರದಲ್ಲಿದ್ದೀರಿ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ದಿನವಾರು ದಾರಿ, ತಂಗುವ ಸರೋವರಗಳು, ಟೆಂಟು ಮತ್ತು ದೋಣಿಗಳ ಬಣ್ಣ, ಹೊರಬರುವ ದಿನ, ಬರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಬರೆದು ಊರಿನಲ್ಲಿರುವ ಒಬ್ಬರ ಕೈಗೆ ಕೊಟ್ಟು ಹೋಗಬೇಕು. ಮಿನಿಯಾಪೊಲಿಸ್‌ನಲ್ಲಿ ಕೆಲಸ ಮಾಡುತ್ತ ವಾರಾಂತ್ಯಕ್ಕೆ ಈಲೀ ಪಟ್ಟಣದ ಕಡೆ ಹೊರಡುವ ನಮ್ಮವರಲ್ಲಿ ಹಲವರು ದಾರಿಯ ನಕ್ಷೆಯನ್ನು ಫೋನಿನಲ್ಲಷ್ಟೇ ಇಟ್ಟುಕೊಂಡಿರುತ್ತಾರೆ. ಕಾಡಿನ ಬಹುಭಾಗದಲ್ಲಿ ಫೋನಿನ ಸಿಗ್ನಲ್ ಸಿಗದು. ನೀರು ತಾಗಿದರೂ ಹಾಳಾಗದ ಕಾಗದದ ನಕ್ಷೆ, ದಿಕ್ಸೂಚಿ, ಮತ್ತು ಆ ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತಿಸಿದ ಕನಿಷ್ಠ ಎರಡು ಬದಲಿ ಹೊರದಾರಿಗಳು ಜೊತೆಯಲ್ಲಿರಬೇಕು.

ಹವಾಮಾನ ಎಚ್ಚರಿಕೆ ಕೇಳಲು 162 ಮೆಗಾಹರ್ಟ್ಜ್ ತರಂಗಪಟ್ಟಿಯ ಚಿಕ್ಕ ವೆದರ್ ರೇಡಿಯೋ ಸಾಕು, ಆದರೆ ಎಲ್ಲ ಕಣಿವೆಗಳಲ್ಲೂ ಅದು ಹಿಡಿಯುತ್ತದೆಂದು ನಂಬಬಾರದು. ಸಹಾಯ ಕೇಳಲು ಉಪಗ್ರಹ ಸಂದೇಶ ಸಾಧನ ಅಥವಾ ತುರ್ತು ಸಂಕೇತ ಕಳಿಸುವ 406 ಮೆಗಾಹರ್ಟ್ಜ್‌ನ ವೈಯಕ್ತಿಕ ಬೀಕನ್ ಒಯ್ಯುವುದನ್ನು ನಾನು ಕಡ್ಡಾಯವೆಂದೇ ಹೇಳುತ್ತೇನೆ. ಸಂದೇಶ ಸಾಧನ ಕೊಂಡವರು ಒಂದು ಎಚ್ಚರ ವಹಿಸಬೇಕು: ಭಾರತದಲ್ಲಿ ಪರವಾನಗಿಯಿಲ್ಲದ ಉಪಗ್ರಹ ಫೋನು ಮತ್ತು ಸಂದೇಶ ಸಾಧನಗಳಿಗೆ ಅನುಮತಿಯಿಲ್ಲ. ಊರಿಗೆ ಬರುವಾಗ ಅದನ್ನು ಚೀಲದಲ್ಲಿ ಮರೆತು ತಂದರೆ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಪ್ರಕರಣವಾಗಬಹುದು.

ಎರಡನೆಯ ಹೆಜ್ಜೆ: ಟೆಂಟು ಹಾಕುವ ಮೊದಲು ತಲೆ ಎತ್ತಿ ನೋಡುವುದು

ದೋಣಿಯಿಂದ ಇಳಿದವರು ಮೊದಲು ನೆಲ ನೋಡುತ್ತಾರೆ, ಸಮತಟ್ಟಾಗಿದೆಯೇ, ಕಲ್ಲಿಲ್ಲವೇ ಎಂದು. ನೋಡಬೇಕಾದದ್ದು ಮೇಲೆ. ಟೆಂಟಿನ ಜಾಗದಲ್ಲಿ ನಿಂತು ಸುತ್ತಲಿನ ಪ್ರತಿ ಮರವನ್ನೂ 'ಇದು ಬಿದ್ದರೆ ಇಲ್ಲಿಗೆ ಮುಟ್ಟುತ್ತದೆಯೇ' ಎಂದು ಕೇಳಿಕೊಂಡು ನೋಡಬೇಕು. ಮುಟ್ಟುವಂತಿದ್ದರೆ ಅದರ ಬುಡಕ್ಕೆ ಹೋಗಿ ಪರೀಕ್ಷಿಸಬೇಕು. ತೊಗಟೆ ಕಳಚಿದೆಯೇ, ಕಾಂಡದ ಮೇಲೆ ಗಟ್ಟಿ ಅಣಬೆಗಳು ಎದ್ದಿವೆಯೇ, ಉದ್ದುದ್ದ ಬಿರುಕಿದೆಯೇ, ವಾಲಿದ ಮರದ ಬೆನ್ನಿನ ಕಡೆ ಮಣ್ಣು ಉಬ್ಬಿ ಬಾಯಿ ಬಿಟ್ಟಿದೆಯೇ ಎಂದು ನೋಡಬೇಕು. ಕೊನೆಯ ಲಕ್ಷಣ ಕಂಡರೆ ಅಲ್ಲಿ ಉಳಿಯಬಾರದು. ಮುರಿದು ಮೇಲೆಯೇ ಸಿಕ್ಕಿಕೊಂಡ ಕೊಂಬೆಗೆ ಇಂಗ್ಲಿಷಿನ ಮರಕಡಿಯುವವರು 'ವಿಧವೆಯನ್ನಾಗಿಸುವುದು' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಗಾಳಿಯಿಲ್ಲದ ರಾತ್ರಿಯಲ್ಲೂ ಅದು ಬೀಳಬಲ್ಲದು.

2016ರ ಜುಲೈನಲ್ಲಿ ಬಂದ ಇನ್ನೊಂದು ಬಿರುಗಾಳಿಯಲ್ಲಿ, ಗಡಿಯ ಮೇಲಿರುವ ಬಾಸ್‌ವುಡ್ ಸರೋವರದ ಕೆನಡಾ ಬದಿಯ ದಡದ ಕ್ಯಾಂಪಿನಲ್ಲಿ ಮರ ಬಿದ್ದು ಇಬ್ಬರು ತೀರಿಕೊಂಡರು. ಅದು ರಾತ್ರಿಯ ಹೊತ್ತು. ಕತ್ತಲಲ್ಲಿ ಎದ್ದು ಒಳ್ಳೆಯ ಜಾಗ ಹುಡುಕುವುದು ಆಗದ ಮಾತು. ಜಾಗದ ಆಯ್ಕೆಯನ್ನು ಹಗಲಲ್ಲೇ ಮಾಡಿಟ್ಟುಕೊಳ್ಳಬೇಕು, ಗಾಳಿ ಎದ್ದರೆ ಟೆಂಟು ಬಿಟ್ಟು ಎಲ್ಲಿಗೆ ಓಡಬೇಕು ಎಂಬುದನ್ನು ಸಂಜೆಯ ಊಟದ ಹೊತ್ತಿಗೆ ಮಕ್ಕಳಿಗೂ ತೋರಿಸಿಟ್ಟಿರಬೇಕು.

ಮೂರನೆಯ ಹೆಜ್ಜೆ: ಗಾಳಿ ಬರುವಾಗ

ಬಿಸಿಲು ಮತ್ತು ಸೆಕೆ ಮಿತಿಮೀರಿದ ದಿನ, ಪಶ್ಚಿಮ ದಿಕ್ಕಿನಲ್ಲಿ ಅಡ್ಡಹಲಗೆಯಂತೆ ಚಾಚಿದ ಕಪ್ಪು ಮೋಡ ಕಂಡರೆ, ಅದರ ಕೆಳಗೆ ಆಕಾಶ ಹಸಿರು ಬಣ್ಣಕ್ಕೆ ತಿರುಗಿದರೆ, ನಿಮಗಿರುವುದು ಕೆಲವೇ ನಿಮಿಷ. ನೀರಿನ ಮೇಲಿದ್ದರೆ ಹತ್ತಿರದ ದಡಕ್ಕೆ ಹೋಗಬೇಕು. ಇಷ್ಟದ ಕ್ಯಾಂಪು ಅರ್ಧ ಮೈಲಿ ಮುಂದಿದೆ ಎಂಬ ಆಸೆ ಬೇಡ. ದೋಣಿಯನ್ನು ದಡದಿಂದ ದೂರಕ್ಕೆ ಎಳೆದು, ಬೋರಲು ಹಾಕಿ, ಎರಡೂ ತುದಿಗಳನ್ನು ಗಟ್ಟಿ ಬೇರಿಗೋ ಕುಳ್ಳು ಮರಗಳಿಗೋ ಕಟ್ಟಬೇಕು. ಕಟ್ಟದ ಕೆನೂ ಗಾಳಿಗೆ ಎಲೆಯಂತೆ ಹಾರುತ್ತದೆ. ದೋಣಿ ಹೋದರೆ ನೀವು ಒಂದು ದ್ವೀಪದ ಕೈದಿ.

ಇಲ್ಲೊಂದು ಸಂದಿಗ್ಧವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಾಳಿಯಿಂದ ಉಳಿಯಲು ಎತ್ತರದ ಮರಗಳಿಂದ ದೂರವಿರಬೇಕು, ಸಿಡಿಲಿನಿಂದ ಉಳಿಯಲು ಬೋಳು ಬಂಡೆಯಿಂದಲೂ ನೀರಿನಿಂದಲೂ ದೂರವಿರಬೇಕು. ಎರಡಕ್ಕೂ ಒಪ್ಪುವ ಜಾಗವೆಂದರೆ ತಗ್ಗಿನಲ್ಲಿ ಒಂದೇ ಎತ್ತರಕ್ಕೆ ಬೆಳೆದ ಎಳೆಯ, ಕುಳ್ಳು ಮರಗಳ ಗುಂಪು. ಇಲ್ಲವಾದರೆ ಗಾಳಿಗೆ ಮರೆಯಾದ ದೊಡ್ಡ ಬಂಡೆಯ ಬುಡ, ಅಲ್ಲಿಗೂ ಯಾವ ಹೆಮ್ಮರವೂ ಮುಟ್ಟಬಾರದು. ಎಲ್ಲರೂ ಒಂದೆಡೆ ಮುದುಡಿ ಕೂರದೆ, ಪರಸ್ಪರ ಕಾಣುವಷ್ಟು ದೂರದಲ್ಲಿ ಚದುರಿಕೊಳ್ಳಬೇಕು, ಒಂದೇ ಸಿಡಿಲು ಇಡೀ ತಂಡವನ್ನು ಕೆಡವಬಾರದೆಂಬ ಕಾರಣಕ್ಕೆ. ಮರ ಮತ್ತು ಸಿಡಿಲಿನಲ್ಲಿ ಯಾವುದಕ್ಕೆ ಮೊದಲು ಅಂಜಬೇಕೆಂದು ಕೇಳಿದರೆ, ಮರಗಳು ಬೀಳಲು ಶುರುವಾದ ಮೇಲೆ ಮರಕ್ಕೆ ಎಂದೇ ನಾನು ಹೇಳುವುದು. ಲೈಫ್ ಜಾಕೆಟ್ ತೊಟ್ಟೇ ಇರಬೇಕು. ಬೆನ್ನು ಮತ್ತು ಎದೆಗೆ ಅದು ತಕ್ಕಮಟ್ಟಿನ ಮೆತ್ತೆಯೂ ಆಗುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ನೀರಿಗಿಳಿಯಬಾರದು.

ನಾಲ್ಕನೆಯ ಹೆಜ್ಜೆ: ಮೊದಲ ಗಂಟೆ

ಗಾಳಿ ನಿಂತ ಮೇಲಿನ ಮೌನ ಮೋಸದ್ದು. ಎದ್ದು ಓಡಾಡಬೇಕೆನಿಸುತ್ತದೆ, ಸಾಮಾನು ಹುಡುಕಬೇಕೆನಿಸುತ್ತದೆ. ಮೊದಲು ಇದ್ದಲ್ಲಿಂದಲೇ ಹೆಸರು ಹಿಡಿದು ಕೂಗಿ ಎಲ್ಲರ ಲೆಕ್ಕ ತೆಗೆದುಕೊಳ್ಳಬೇಕು. ನಂತರ ತಲೆಯ ಮೇಲೆ ನೋಡಿಕೊಂಡು, ಒಬ್ಬೊಬ್ಬರಾಗಿ ತೆರೆದ ಜಾಗಕ್ಕೆ ಸೇರಬೇಕು.

ಗಾಯಾಳುವಿನ ಬಳಿ ಹೋಗುವವರು ಮೊದಲು ಆ ಜಾಗದ ಮೇಲೆ ಇನ್ನೂ ಏನಾದರೂ ಬೀಳುವಂತಿದೆಯೇ ಎಂದು ನೋಡಬೇಕು. ಎರಡನೆಯ ಗಾಯಾಳುವಾಗುವುದು ಸಹಾಯವಲ್ಲ. ರಕ್ತ ಚಿಮ್ಮುತ್ತಿದ್ದರೆ ಬಟ್ಟೆಯಿಂದ ಗಾಯವನ್ನು ನೇರವಾಗಿ, ಬಿಡದೆ ಒತ್ತಬೇಕು. ಕೈಕಾಲಿನ ರಕ್ತ ಹಾಗೂ ನಿಲ್ಲದಿದ್ದರೆ ಗಾಯದ ಮೇಲ್ಭಾಗಕ್ಕೆ ಅಗಲವಾದ ಕಟ್ಟು ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು. ತಲೆ ಅಥವಾ ಬೆನ್ನಿಗೆ ಮರ ಬಡಿದವರನ್ನು, ಅಲ್ಲೇ ಇರುವುದು ಹೆಚ್ಚು ಅಪಾಯವೆಂದಾಗ ಹೊರತು, ಎತ್ತಬಾರದು. ಕಾಂಡದಡಿ ಆಗಷ್ಟೇ ಸಿಕ್ಕಿಕೊಂಡವರನ್ನು ಬೇಗ ಬಿಡಿಸಬೇಕು. ಆದರೆ ತೊಡೆಯಂಥ ಮಾಂಸಲ ಭಾಗ ಬಹಳ ಹೊತ್ತು ಜಜ್ಜಿಹೋಗಿದ್ದರೆ, ಭಾರ ತೆಗೆದ ಕೂಡಲೇ ಅಲ್ಲಿ ಕಟ್ಟಿಕೊಂಡ ವಿಷ ಪದಾರ್ಥಗಳು ರಕ್ತಕ್ಕೆ ನುಗ್ಗಿ ಹೃದಯಕ್ಕೆ ತೊಂದರೆಯಾಗಬಲ್ಲದು. ಉಪಗ್ರಹ ಸಾಧನದಲ್ಲಿ ಸಂಪರ್ಕವಿದ್ದರೆ ಬಿಡಿಸುವ ಮುನ್ನ ರಕ್ಷಣಾ ಕೇಂದ್ರಕ್ಕೆ ತಿಳಿಸುವುದು ಒಳ್ಳೆಯದು. ಜಖಂ ಸಣ್ಣದಾಗಿದ್ದರೂ ಒದ್ದೆಬಟ್ಟೆ ಬದಲಿಸಿ ಬೆಚ್ಚಗಿಡುವುದನ್ನು ಮರೆಯಬಾರದು. ಬೇಸಿಗೆಯ ಮಳೆಯಲ್ಲೂ ಅಲ್ಲಿ ಮೈ ತಣ್ಣಗಾಗುತ್ತದೆ.

ಸಹಾಯ ಬರುವುದು ಬಹುಶಃ ಆಕಾಶದಿಂದ. 1949ರಲ್ಲಿ ಅಧ್ಯಕ್ಷ ಟ್ರೂಮನ್ ಹೊರಡಿಸಿದ ಆದೇಶದಂತೆ ಈ ಕಾಡಿನ ಮೇಲೆ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ವಿಮಾನ ಹಾರುವಂತಿಲ್ಲ, ಆದರೆ ಜೀವ ಉಳಿಸುವ ತುರ್ತಿಗೆ ವಿನಾಯಿತಿಯಿದೆ. 1999ರಲ್ಲಿ ಗಾಯಗೊಂಡವರಲ್ಲಿ ಹಲವರನ್ನು ಹೊರತಂದದ್ದು ನೀರಿನ ಮೇಲೆ ಇಳಿಯುವ ವಿಮಾನಗಳೇ. ಬಿದ್ದ ಮರಗಳ ರಾಶಿಯೊಳಗೆ ಕುಳಿತವರು ಮೇಲಿನವರಿಗೆ ಕಾಣುವುದಿಲ್ಲ. ದಡದ ಬೋಳು ಬಂಡೆಯ ಮೇಲೆ ಗಾಢ ಬಣ್ಣದ ಟೆಂಟಿನ ಬಟ್ಟೆ ಹರಡಿ, ಸಹಾಯ ಬೇಕೆಂದರೆ ವಿ ಅಕ್ಷರದ ಆಕಾರ, ವೈದ್ಯರೇ ಬೇಕೆಂದರೆ ಗುಣಾಕಾರದ ಚಿಹ್ನೆ, ಇವುಗಳನ್ನು ಹತ್ತು ಹದಿನೈದು ಅಡಿ ಉದ್ದಕ್ಕೆ ರೂಪಿಸಬೇಕು. ಸೀಟಿಯಾದರೆ ಮೂರು ಬಾರಿ, ಬಿಡುವು ಕೊಟ್ಟು ಮತ್ತೆ ಮೂರು ಬಾರಿ. ಅಪಾಯವಿಲ್ಲದಿದ್ದರೆ ವಿಮಾನದತ್ತ ಉತ್ಸಾಹದಿಂದ ಹುಟ್ಟು ಬೀಸಬೇಡಿ. ನಿಮಗಾಗಿ ಇಳಿದ ವಿಮಾನ ಇನ್ನೊಬ್ಬರಿಗೆ ತಡವಾದೀತು.

ಐದನೆಯ ಹೆಜ್ಜೆ: ಹೊರಬರುವ ದಾರಿ

ಯಾರಿಗೂ ಗಂಭೀರ ಗಾಯವಿಲ್ಲ, ಜಾಗ ಸುರಕ್ಷಿತವಾಗಿದೆ, ಊಟವಿದೆ ಎಂದಾದರೆ ಆ ದಿನ ಅಲ್ಲಿಯೇ ಇರುವುದು ಸರಿ. ಮಳೆಯಿಂದ ನೆನೆದ ಮಣ್ಣಿನಲ್ಲಿ ಬೇರು ಸಡಿಲವಾದ ಮರಗಳು ಮುಂದಿನ ಒಂದೆರಡು ದಿನ ತಾವಾಗಿ ಬೀಳುತ್ತಿರುತ್ತವೆ. ಇರುವ ಊಟವನ್ನು ಎರಡು ದಿನ ಹೆಚ್ಚಿಗೆ ಬರುವಂತೆ ಹಂಚಿಕೊಳ್ಳಬೇಕು.

ಹೊರಟಾಗ ನಕ್ಷೆಯನ್ನು ಹೊಸ ಕಣ್ಣಿನಿಂದ ನೋಡಬೇಕು. ಮಾಮೂಲಿ ದಿನ ಚಿಕ್ಕ ದಾರಿಯೇ ಒಳ್ಳೆಯ ದಾರಿ. ಬಿರುಗಾಳಿಯ ನಂತರ ಪೋರ್ಟೇಜು ಕಡಿಮೆಯಿರುವ ದಾರಿಯೇ ಒಳ್ಳೆಯದು, ಅದಕ್ಕಾಗಿ ಹತ್ತು ಮೈಲಿ ಹೆಚ್ಚು ಹುಟ್ಟು ಹಾಕಬೇಕಾದರೂ ಸರಿ. ತಪ್ಪಿಸಲಾಗದ ಪೋರ್ಟೇಜನ್ನು ಮೊದಲು ಇಬ್ಬರು ಬರಿಗೈಯಲ್ಲಿ ಪೂರ್ತಿ ನಡೆದು ನೋಡಿ ಬರಬೇಕು. ಕೆನೂ ಹೊತ್ತವರ ಕಣ್ಣಿಗೆ ಕಾಣುವುದು ಎದುರಿನ ಹತ್ತಡಿ ನೆಲ ಮಾತ್ರ, ಮೇಲಿರುವುದೇನೂ ಕಾಣದು. ಅಡ್ಡಬಿದ್ದ ಮರಗಳ ಬಳಿ ದೋಣಿಯನ್ನು ಹೆಗಲಿನಿಂದ ಇಳಿಸಿ, ಕೈಯಿಂದ ಕೈಗೆ ದಾಟಿಸಬೇಕು. ಕಾಂಡದ ಮೇಲೆ ಹತ್ತಿ ನಡೆಯಬಾರದು, ನೆನೆದ ಬರ್ಚ್ ತೊಗಟೆ ಸೋಪಿನಷ್ಟು ಜಾರುತ್ತದೆ. ಎರಡು ಮರಗಳ ಮೇಲೆ ತೂಗಿ ನಿಂತ ಕಾಂಡದ ಅಡಿ ನುಸುಳಬಾರದು. ಎದ್ದ ಬೇರಿನ ಹಿಂದಿನ ಗುಂಡಿಗೆ, ಅದು ಎಷ್ಟೇ ಸಲೀಸಾದ ದಾರಿಯಂತೆ ಕಂಡರೂ, ಇಳಿಯಬಾರದು. ಕಾರಣವನ್ನು ಮುಂದೆ ಹೇಳುತ್ತೇನೆ. ಪ್ರವಾಸಿಗರು ಮಡಚುವ ಚಿಕ್ಕ ಗರಗಸದಲ್ಲಿ ಕೈಬೆರಳಿನ ದಪ್ಪದ ಕೊಂಬೆಗಳನ್ನು ಸರಿಸಿಕೊಳ್ಳಬಹುದು, ಅದಕ್ಕಿಂತ ದೊಡ್ಡದಕ್ಕೆ ಕೈ ಹಾಕಬಾರದು.

ನೀರಿನ ಮೇಲೆಯೂ ಎಚ್ಚರ ಬೇಕು. ಅರ್ಧ ಮುಳುಗಿದ ಕಾಂಡಗಳು ದಡದ ಬಳಿ ತೇಲುತ್ತಿರುತ್ತವೆ, ಹೊಳೆಯ ಇಕ್ಕಟ್ಟಿನಲ್ಲಿ ಮರ ಅಡ್ಡ ಬಿದ್ದಿದ್ದರೆ ಪ್ರವಾಹ ದೋಣಿಯನ್ನು ಅದರ ಕೊಂಬೆಗಳಿಗೆ ಒತ್ತಿ ಹಿಡಿಯುತ್ತದೆ. ಮೇ ತಿಂಗಳ ತಣ್ಣೀರಿಗೆ ಬಿದ್ದವರಿಗೆ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಅವರು ಜನಪ್ರಿಯಗೊಳಿಸಿದ ಲೆಕ್ಕ ನೆನಪಿರಬೇಕು: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಸುಮಾರು 1 ಗಂಟೆ. ಆ ಹತ್ತು ನಿಮಿಷದೊಳಗೆ ದಡ ಅಥವಾ ದೋಣಿ ಹಿಡಿಯಬೇಕು, ಲೈಫ್ ಜಾಕೆಟ್ ಇಲ್ಲದಿದ್ದರೆ ಉಳಿದ ಗಂಟೆ ಸಿಗುವುದೇ ಇಲ್ಲ.

ಆರನೆಯ ಹೆಜ್ಜೆ: ದಾರಿ ತೆರವು

ಇಲ್ಲಿಂದ ಮುಂದಿನದು ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಅವರೊಂದಿಗೆ ದುಡಿಯುವ ಸ್ವಯಂಸೇವಕರಿಗೆ. ಗರಗಸ ಹಿಡಿಯುವವರು ಇಲಾಖೆಯ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿರಬೇಕು. ಈ ಬರಹ ಆ ತರಬೇತಿಗೆ ಬದಲಿಯಲ್ಲ.

1964ರ ವಿಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಇಂಥ ಕಾಡಿನಲ್ಲಿ ಯಂತ್ರಚಾಲಿತ ಸಲಕರಣೆ ನಿಷಿದ್ಧ. ಕಾಡಿನ ಆಡಳಿತಕ್ಕೆ ಕನಿಷ್ಠ ಅಗತ್ಯವೆಂದು ಲಿಖಿತವಾಗಿ ತೀರ್ಮಾನವಾದಾಗ, ಇಲ್ಲವೇ ಜನರ ಜೀವಕ್ಕೆ ಸಂಬಂಧಿಸಿದ ತುರ್ತಿನಲ್ಲಿ, ಸಡಿಲಿಕೆ ದೊರೆಯುತ್ತದೆ. 1999ರ ಬಿರುಗಾಳಿಯ ನಂತರ ಚೈನ್‌ಸಾ ಬಳಸಲು ಹೀಗೆ ತಾತ್ಕಾಲಿಕ ಅನುಮತಿ ಕೊಡಲಾಗಿತ್ತು. ಉಳಿದ ಕಾಲದಲ್ಲಿ ಕೆಲಸ ನಡೆಯುವುದು ಇಬ್ಬರು ಎಳೆಯುವ ಉದ್ದ ಗರಗಸ, ಕೊಡಲಿ ಮತ್ತು ಬೆಣೆಗಳಿಂದ. ಇದು ಹಿಂದಿನ ಕಾಲದ ಹಟವೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕೈಗರಗಸಕ್ಕೆ ಒಂದು ದೊಡ್ಡ ಗುಣವಿದೆ: ಮರದ ಸದ್ದು ಕೇಳಿಸುತ್ತದೆ. ಒಂದು ಪೋರ್ಟೇಜಿನಲ್ಲಿ ತೊಡೆಗಾತ್ರದ ಸ್ಪ್ರೂಸ್ ಕೊಯ್ಯುತ್ತಿದ್ದಾಗ ಗರಗಸದ ಎಳೆತದ ನಡುವೆ, ಬೆರಳ ಗೆಣ್ಣು ಮುರಿದಂತೆ ಒಂದೇ ಒಂದು 'ಟಿಕ್' ಕೇಳಿಸಿತು. ಎದುರಿಗಿದ್ದವರು ಕೈ ಎತ್ತಿದರು, ಇಬ್ಬರೂ ಹಿಡಿ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆವು. ಮೂರನೆಯ ಉಸಿರಿಗೆ ಕಾಂಡ ಉದ್ದಕ್ಕೂ ಸೀಳಿ, ನನ್ನ ಮೊಣಕಾಲು ಇದ್ದ ಜಾಗವನ್ನು ಸವರಿಕೊಂಡು ಹೋಯಿತು. ಯಂತ್ರ ಕೂಗುತ್ತಿದ್ದರೆ ಆ ಸದ್ದು ನಮಗೆ ಕೇಳುತ್ತಿರಲಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ರಾಶಿಯ ಸುತ್ತ ಪೂರ್ತಿ ಒಂದು ಸುತ್ತು ಹಾಕಿ, ಯಾವ ಕಾಂಡ ಯಾವುದರ ಮೇಲೆ ಕೂತಿದೆ, ಯಾವುದನ್ನು ತೆಗೆದರೆ ಯಾವುದು ಕುಸಿಯುತ್ತದೆ ಎಂಬುದನ್ನು ಜೊತೆಗಾರರೊಂದಿಗೆ ಬಾಯಿಬಿಟ್ಟು ಮಾತನಾಡಿಕೊಳ್ಳಬೇಕು. ಹಿಂದೆ ಸರಿಯುವ ದಾರಿಯನ್ನು ಕೊಯ್ಯುವ ಮೊದಲೇ ಬಿಡಿಸಿಕೊಳ್ಳಬೇಕು. ನಂತರ ಬಾಗಿದ ಸಸಿಗಳನ್ನು ನೋಡಬೇಕು. ದೊಡ್ಡ ಕಾಂಡದಡಿ ಕಮಾನಾಗಿ ಸಿಕ್ಕಿಬಿದ್ದ ಮಣಿಕಟ್ಟಿನ ದಪ್ಪದ ಸಸಿಯೊಂದು ಬಿಡುಗಡೆಯಾದರೆ ದವಡೆ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಅದನ್ನು ಒಂದೇ ಏಟಿಗೆ ಕಡಿಯದೆ, ಬಾಗಿನ ಒಳಮೈಯನ್ನು ಸ್ವಲ್ಪಸ್ವಲ್ಪವೇ ಹೆರೆದು ಬಿಗಿಯನ್ನು ನಿಧಾನವಾಗಿ ಬಿಡಿಸಬೇಕು.

ಆಮೇಲೆ ಕಾಂಡ. ಪ್ರತಿ ಬಿದ್ದ ಕಾಂಡದಲ್ಲೂ ಎಳೆತದ ಮಗ್ಗುಲೊಂದು, ಒತ್ತಡದ ಮಗ್ಗುಲೊಂದು ಇರುತ್ತವೆ. ಎರಡೂ ತುದಿ ಆಧಾರದ ಮೇಲಿದ್ದು ನಡು ತೂಗುತ್ತಿದ್ದರೆ ಒತ್ತಡ ಮೇಲ್ಮೈಯಲ್ಲಿ, ಎಳೆತ ಕೆಳಮೈಯಲ್ಲಿ. ಮೇಲಿನಿಂದಲೇ ಕೊಯ್ಯುತ್ತ ಹೋದರೆ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚುತ್ತದೆ; ಆದ್ದರಿಂದ ಮೇಲಿನಿಂದ ಮೂರನೆಯ ಒಂದು ಭಾಗ ಕೊಯ್ದು, ಬೆಣೆ ಬಡಿದು ಬಾಯಿ ತೆರೆದಿಟ್ಟು, ಉಳಿದದ್ದನ್ನು ಕೆಳಗಿನಿಂದ ಮುಗಿಸಬೇಕು. ಒಂದು ತುದಿ ಮಾತ್ರ ಆಧಾರದ ಮೇಲಿದ್ದು ಇನ್ನೊಂದು ಗಾಳಿಯಲ್ಲಿ ಚಾಚಿದ್ದರೆ ಎಲ್ಲವೂ ತಿರುವುಮುರುವು: ಮೊದಲು ಕೆಳಗಿನಿಂದ, ನಂತರ ಮೇಲಿನಿಂದ. ಅಡ್ಡಕ್ಕೆ ಬಾಗಿ ಎರಡು ಬುಡಗಳ ನಡುವೆ ಸಿಕ್ಕಿಬಿದ್ದ ಕಾಂಡವೇ ಎಲ್ಲಕ್ಕಿಂತ ಕೆಟ್ಟದ್ದು. ಅದು ಬಿಡುಗಡೆಯಾದಾಗ ಉಬ್ಬಿದ ಮಗ್ಗುಲಿನ ಕಡೆಗೆ ಬೀಸುತ್ತದೆ, ಆದ್ದರಿಂದ ನಿಲ್ಲಬೇಕಾದದ್ದು ತಗ್ಗಿದ ಮಗ್ಗುಲಿನಲ್ಲಿ. ಇಂಥಲ್ಲಿ ಇಬ್ಬರ ಗರಗಸದ ಒಂದು ಹಿಡಿಯನ್ನು ಕಳಚಿ, ಒಬ್ಬರನ್ನು ದೂರ ಕಳಿಸಿ, ಕೊನೆಯ ಎಳೆತಗಳನ್ನು ಸುರಕ್ಷಿತ ಮಗ್ಗುಲಲ್ಲಿರುವ ಒಬ್ಬರೇ ಮುಗಿಸುವುದು ವಾಡಿಕೆ. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಗಡೆ ನಿಲ್ಲಬೇಕು.

ಇನ್ನು ಬೇರಿನ ಗುಂಡಿ. ಬುಡಮೇಲಾದ ಮರದ ಬೇರಿನ ಚಾಪೆ, ಅದಕ್ಕೆ ಅಂಟಿದ ಮಣ್ಣು ಕಲ್ಲುಗಳ ಸಮೇತ, ಗೋಡೆಯಂತೆ ನಿಂತಿರುತ್ತದೆ. ಅದು ನಿಂತಿರುವುದು ಕಾಂಡದ ತೂಕ ಮುಂದಕ್ಕೆ ಎಳೆಯುತ್ತಿರುವುದರಿಂದ. ಕಾಂಡ ಕೊಯ್ದು ಬೇರ್ಪಟ್ಟ ಕ್ಷಣ ಆ ಗೋಡೆ ತನ್ನ ಹಳೆಯ ಗುಂಡಿಗೆ ಧೊಪ್ಪನೆ ಕೂರಬಹುದು, ಕಾಂಡದ ಮೋಟು ಆಕಾಶಕ್ಕೆ ಏಳಬಹುದು. ಆ ಗುಂಡಿಯಲ್ಲಿ ಮಗುವೊಂದು ಆಡುತ್ತಿದ್ದರೆ ಹೊರಗೆ ತೆಗೆಯಲು ಏನೂ ಉಳಿಯುವುದಿಲ್ಲ. ಕೊಯ್ಯುವ ಮುನ್ನ ಒಬ್ಬರು ಗುಂಡಿಯ ಬಳಿ ಹೋಗಿ ಖಾಲಿಯಿದೆಯೆಂದು ನೋಡಿ, ಗಟ್ಟಿಯಾಗಿ ಹೇಳಬೇಕು. ಇದನ್ನು ಪ್ರತಿ ಮರಕ್ಕೂ ಮಾಡಬೇಕು, ಹತ್ತನೆಯ ಮರಕ್ಕೂ ಸಹ. ಇನ್ನೊಂದು ಮರದ ನೆತ್ತಿಯಲ್ಲಿ ಸಿಕ್ಕಿ ನಿಂತ ಮರವನ್ನು ಕೈಗರಗಸದ ತಂಡ ಬಿಟ್ಟುಬಿಡುವುದೇ ಲೇಸು. ಅದರ ಸುತ್ತ ಗುರುತಿನ ಪಟ್ಟಿ ಕಟ್ಟಿ, ಹೆಚ್ಚಿನ ಅನುಭವವಿದ್ದವರಿಗೆ ತಿಳಿಸಿ, ದಾರಿಯನ್ನೇ ತುಸು ಸರಿಸಬಹುದು.

ಕೆನೂ ಹೊತ್ತವರು ಸಲೀಸಾಗಿ ದಾಟುವಷ್ಟು ಅಗಲ, ಎತ್ತರ ಬಿಡಿಸಿದರೆ ಸಾಕು. ಇದು ರಸ್ತೆಯಲ್ಲ. ಕೊಯ್ದ ತುಂಡುಗಳನ್ನು ದಾರಿಯಿಂದ ಉರುಳಿಸಿ, ಕೊಯ್ದ ಮುಖ ಕಾಡಿನ ಕಡೆಗಿರುವಂತೆ ತಿರುಗಿಸಬೇಕು. ದಾರಿಯ ಮೇಲೆ ಬೇರು ಕಿತ್ತ ಗುಂಡಿಗಳನ್ನು ಕಲ್ಲುಮಣ್ಣಿನಿಂದ ತುಂಬಬೇಕು, ಇಲ್ಲದಿದ್ದರೆ ನೀರು ನಿಂತು ಮುಂದಿನ ವರ್ಷಕ್ಕೆ ಕೆಸರಿನ ಹೊಂಡವಾಗುತ್ತದೆ.

ಏಳನೆಯ ಹೆಜ್ಜೆ: ಕ್ಯಾಂಪ್ ಜಾಗಗಳು

ದಾರಿ ತೆರೆದ ಮಾತ್ರಕ್ಕೆ ಕ್ಯಾಂಪು ತೆರೆಯಬಾರದು. ದಾರಿಯಲ್ಲಿ ಜನ ನಿಮಿಷಗಳ ಕಾಲ ಇರುತ್ತಾರೆ, ಕ್ಯಾಂಪಿನಲ್ಲಿ ಇಡೀ ರಾತ್ರಿ ಮಲಗಿರುತ್ತಾರೆ. ಅಪಾಯದ ಮರಗಳು ಒಂದೆರಡಿದ್ದರೆ ಉರುಳಿಸಬಹುದು. ಸುತ್ತಲಿನ ಮರಗಳೆಲ್ಲ ಹೋಗಿ ಇದ್ದಕ್ಕಿದ್ದಂತೆ ಒಂಟಿಯಾದ ಹೆಮ್ಮರಗಳು ಉಳಿದಿದ್ದರೆ ಜಾಗವನ್ನು ಮುಚ್ಚುವುದೇ ಸರಿ, ಏಕೆಂದರೆ ಗುಂಪಿನ ಆಸರೆಯಲ್ಲಿ ಬೆಳೆದ ಮರಕ್ಕೆ ಒಂಟಿಯಾಗಿ ಗಾಳಿ ತಡೆದು ಅಭ್ಯಾಸವಿರುವುದಿಲ್ಲ. ಶೌಚಪೀಠಕ್ಕೆ ಹೋಗುವ ದಾರಿಯನ್ನು ಮರೆಯಬಾರದು. ರಾತ್ರಿ ಟಾರ್ಚು ಹಿಡಿದು ಒಬ್ಬೊಬ್ಬರೇ ಹೋಗುವ ದಾರಿ ಅದು.

ಎಂಟನೆಯ ಹೆಜ್ಜೆ: ಬೆಂಕಿಯ ವರ್ಷಗಳು

ಬಿದ್ದ ಮರಗಳ ಸೂಜಿಯೆಲೆಗಳು ಬೇಗನೆ ಕೆಂಪಾಗಿ ಒಣಗುತ್ತವೆ. ಅವು ಉದುರಿದ ಮೇಲೂ ದಪ್ಪ ಕಾಂಡಗಳು ವರ್ಷಗಟ್ಟಲೆ ನೆಲ ಮುಟ್ಟದೆ, ಕೊಳೆಯದೆ, ಸೌದೆಯಾಗಿ ಪೇರಿಕೊಂಡಿರುತ್ತವೆ. ಅರಣ್ಯ ಇಲಾಖೆ ಇದನ್ನು ಮೊದಲೇ ಅರಿತು, 2001ರ ಪರಿಸರ ಅಧ್ಯಯನದ ನಂತರ ಆಯ್ದ ಭಾಗಗಳನ್ನು ತಾನೇ ಹದವರಿತು ಸುಡುವ ಕೆಲಸ ಆರಂಭಿಸಿತು. ಆದರೂ 2006ರ ಜುಲೈನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಕ್ಯಾವಿಟಿ ಲೇಕ್ ಬೆಂಕಿ ಬಿದ್ದ ಮರಗಳ ಪ್ರದೇಶದಲ್ಲಿ ಸುಮಾರು 32,000 ಎಕರೆ ಸುಟ್ಟಿತು. 2007ರ ಮೇ 5ರಂದು ಕ್ಯಾಂಪಿನ ಬೆಂಕಿಯೊಂದು ಕೈತಪ್ಪಿ ಶುರುವಾದ ಹ್ಯಾಮ್ ಲೇಕ್ ಬೆಂಕಿ ಗಡಿಯ ಎರಡೂ ಬದಿ ಸೇರಿ ಸುಮಾರು 75,000 ಎಕರೆ ಸುಟ್ಟು, ನೂರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಗಾಳಿ ಬೀಸಿ ಆಗ ಎಂಟು ವರ್ಷವಾಗುತ್ತ ಬಂದಿತ್ತು.

ಆದ್ದರಿಂದ ಹಾನಿಗೊಂಡ ಪ್ರದೇಶದಲ್ಲಿ ಅಡುಗೆಗೆ ಗ್ಯಾಸ್ ಸ್ಟವ್ ಒಯ್ಯಬೇಕು. ಬೆಂಕಿಗೆ ಅನುಮತಿಯಿದ್ದ ದಿನವೂ ಕಬ್ಬಿಣದ ಒಲೆಯ ಹೊರಗೆ ಹಚ್ಚಬಾರದು. ಆರಿಸುವಾಗ ನೀರು ಹೊಯ್ದು, ಕಡ್ಡಿಯಿಂದ ಕಲಕಿ, ಮತ್ತೆ ಹೊಯ್ದು, ಅಂಗೈಯ ಬೆನ್ನನ್ನು ಬೂದಿಯ ಮೇಲೆ ಹಿಡಿದು ನೋಡಬೇಕು. ಬಿಸಿ ತಾಗಿದರೆ ಬೆಂಕಿ ಇನ್ನೂ ಇದೆ. ಹೊಗೆ ಕಂಡರೆ ಕಾಡಿನೊಳಗೆ ಓಡುವ ಯೋಚನೆಯೇ ಬೇಡ, ಬಿದ್ದ ಮರಗಳ ನಡುವೆ ಓಡಲು ದಾರಿಯೇ ಇರುವುದಿಲ್ಲ. ನೀರೇ ದಾರಿ. ಅದಕ್ಕಾಗಿ ಎರಡು ದಿಕ್ಕಿಗೆ ನೀರಿನ ಹಾದಿಯಿರುವ ಕ್ಯಾಂಪನ್ನು ಆರಿಸಿಕೊಳ್ಳಬೇಕು. 2011ರ ಪಗಾಮಿ ಕ್ರೀಕ್ ಬೆಂಕಿ ಸೆಪ್ಟೆಂಬರ್ 12ರಂದು ಒಂದೇ ದಿನ ಸುಮಾರು 16 ಮೈಲಿ ಓಡಿದಾಗ, ಇನ್ಸುಲಾ ಸರೋವರದಲ್ಲಿದ್ದ ಇಲಾಖೆಯ ಸಿಬ್ಬಂದಿಯೇ ನೀರಿಗಿಳಿದು, ಬೆಂಕಿ ತಡೆಯುವ ಹೊದಿಕೆಯಡಿ ಮುಖ ಹುದುಗಿಸಿ ಜೀವ ಉಳಿಸಿಕೊಳ್ಳಬೇಕಾಯಿತು.

ಕೊನೆಯ ಹೆಜ್ಜೆ: ಬರೆದಿಡುವುದು

ಹೊರಬಂದ ದಿನವೇ, ಮನೆ ತಲುಪುವ ಮುನ್ನ, ಕಂಡದ್ದನ್ನು ಹತ್ತಿರದ ರೇಂಜರ್ ಕಚೇರಿಗೆ ತಿಳಿಸಬೇಕು. 'ದಾರಿ ಕೆಟ್ಟಿದೆ' ಎಂದರೆ ಅವರಿಗೆ ಉಪಯೋಗವಿಲ್ಲ. ಯಾವ ಎರಡು ಸರೋವರಗಳ ನಡುವಿನ ಪೋರ್ಟೇಜು, ಯಾವ ತುದಿಯಿಂದ ಎಷ್ಟು ರಾಡ್ ದೂರದಲ್ಲಿ, ಎಷ್ಟು ಮರ, ಅಂದಾಜು ಎಷ್ಟು ದಪ್ಪ, ಯಾವುದಾದರೂ ತೂಗಾಡುತ್ತಿದೆಯೇ, ನೋಡಿದ ದಿನಾಂಕವೇನು ಎಂಬುದನ್ನು ನಕ್ಷೆಯ ಅಂಚಿನಲ್ಲೇ ಬರೆದುಕೊಂಡು ಬಂದರೆ, ಮರುದಿನ ಹೊರಡುವ ತಂಡ ಎಷ್ಟು ಬೆಣೆ, ಯಾವ ಉದ್ದದ ಗರಗಸ, ಎಷ್ಟು ದಿನದ ಊಟ ಒಯ್ಯಬೇಕೆಂದು ಅದರಿಂದಲೇ ನಿರ್ಧರಿಸಬಲ್ಲದು. ಮುಂದಿನ ವಸಂತದಲ್ಲಿ ಮಂಜು ಕರಗಿದ ಕೂಡಲೇ ಅದೇ ದಾರಿಗಳನ್ನು ಮತ್ತೊಮ್ಮೆ ನಡೆದು ನೋಡಬೇಕು, ಅದರ ಮುಂದಿನ ವಸಂತದಲ್ಲೂ ಕೂಡ. ಬೇರು ಅರ್ಧ ಹರಿದು ನಿಂತ ಮರಗಳು ಚಳಿಗಾಲದ ಹಿಮದ ಭಾರಕ್ಕೆ ಒಂದೊಂದಾಗಿ ಬೀಳುವುದು ಆಗಲೇ.